ಬಾಣದ ಬೆಲೆ, ಬಾಣದ ಬಾಳಿಕೆ



ಖಾಂಡವ ದಹನದ ಸಂದರ್ಭದಲ್ಲಿ ಅರ್ಜುನನಿಗೆ ಗಾಂಡೀವದ ಜೊತೆಗೆ ಎಂದೂ ಬರಿದಾಗದ ಬತ್ತಳಿಕೆಗಳು ದೊರೆತವೆಂದು ಮಹಾಭಾರತದ ಕಥೆಯಲ್ಲಿ ಕೇಳಿದ್ದೇವೆ. ಇಂದು ಬಿಲ್ವಿದ್ಯೆ ಕಲಿಯುವ ಮಕ್ಕಳಿಗೆ ಅಂಥ ವರವಿಲ್ಲ. ಅವರ ಬತ್ತಳಿಕೆಯನ್ನು ತುಂಬಬೇಕಾದವರು ತಂದೆತಾಯಿಗಳು. ಅದೂ ತಿಂಗಳ ಸಂಬಳದಲ್ಲಿ ಉಳಿಸಿದ ಹಣದಿಂದ.

ಇತ್ತೀಚಿನ ವರ್ಷಗಳಲ್ಲಿ ಕಾಂಪೌಂಡ್ ಬಿಲ್ಲಿನ ಕಡೆಗೆ ಮಕ್ಕಳ ಒಲವು ಹೆಚ್ಚಿದೆ. ಇದಕ್ಕೆ ಕಾರಣವೂ ಇದೆ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಈ ವಿಭಾಗ ಮೊದಲ ಬಾರಿಗೆ ಸೇರಿದಾಗ ನಮ್ಮ ಪುರುಷರ ತಂಡ ಚಿನ್ನ ಗೆದ್ದಿತು. 2023ರಲ್ಲಿ ಹಾಂಗ್‌ಝೌನಲ್ಲಿ ಈ ವಿಭಾಗದ ಐದೂ ಚಿನ್ನದ ಪದಕಗಳು ಭಾರತಕ್ಕೇ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಲಾಗಿದೆ.

ಒಮ್ಮೆ ಚಿತ್ರೀಕರಣಕ್ಕೆಂದು ಒಂದು ತರಬೇತಿ ಮೈದಾನಕ್ಕೆ ಹೋಗಿದ್ದೆವು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬಾಣ ಹೂಡಲು ಸಿದ್ಧಳಾಗಿದ್ದಳು. ತರಬೇತುದಾರರು ಆ ಬಾಣವನ್ನು ತೆಗೆದುಕೊಂಡು, ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿದರು. ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಧ್ವನಿಮುದ್ರಣದ ಗೆಳೆಯ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ನನ್ನತ್ತ ನೋಡಿದ. ‘ಟಿಕ್’ ಎಂಬ ಸಣ್ಣ ಸದ್ದು ಮೈಕಿಗೆ ಸಿಕ್ಕಿತ್ತು.

“ಈ ಬಾಣ ಬೇಡಮ್ಮ, ಎತ್ತಿಡು” ಎಂದರು ತರಬೇತುದಾರರು.

ಪಕ್ಕದಲ್ಲಿದ್ದ ತಂದೆಗೆ ಬೇಸರವಾಯಿತು. “ಇದ್ದುದರಲ್ಲಿ ದುಬಾರಿಯದನ್ನೇ ತಂದಿದ್ದೆನಲ್ಲ ಸರ್, ಇನ್ನೂ ಒಂದು ತಿಂಗಳಾಗಿಲ್ಲ.”

“ಬಾಣ ಒಳ್ಳೆಯದೇ ಸರ್. ನಿನ್ನೆ ಗುರಿಯ ಮರದ ಚೌಕಟ್ಟಿಗೆ ಬಡಿದಿತ್ತು. ಮರಕ್ಕೆ ಬೆಲೆ ಗೊತ್ತಾಗುತ್ತದೆಯೇ?”

ಬಾಣದ ಬಾಳಿಕೆ ಅದರ ಬೆಲೆಯಲ್ಲಿಲ್ಲ. ಬಿಲ್ಲಿಗೆ ಹೊಂದುವ ಆಯ್ಕೆಯಲ್ಲಿ ಮತ್ತು ಪ್ರತಿದಿನದ ಪರೀಕ್ಷೆಯಲ್ಲಿದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಹೇಗೆಂದು ನೋಡೋಣ.

ಕಾಂಪೌಂಡ್ ಬಿಲ್ಲೆಂದರೆ ತುದಿಗಳಲ್ಲಿ ತಿರುಗುವ ಗಾಲಿಗಳಿರುವ ಬಿಲ್ಲು. ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ ಅವರಿಗೆ ಇದರ ಪೇಟೆಂಟ್ ದೊರೆತದ್ದು 1969ರಲ್ಲಿ. ಹೆದೆಯನ್ನು ಪೂರ್ತಿ ಎಳೆದಾಗ ಗಾಲಿಗಳ ಆಕಾರದಿಂದಾಗಿ ಕೈ ಮೇಲಿನ ಭಾರ ಬಹುಪಾಲು ಇಳಿಯುತ್ತದೆ. 50 ಪೌಂಡಿನ ಬಿಲ್ಲನ್ನು ಗುರಿ ನೋಡುತ್ತಿರುವಾಗ ಹತ್ತು ಹದಿನೈದು ಪೌಂಡಿನ ಬಲದಲ್ಲಿ ಹಿಡಿದಿರಬಹುದು. ಆದರೆ ಹೆದೆ ಬಿಟ್ಟೊಡನೆ ಬಿಲ್ಲು ಕೂಡಿಟ್ಟ ಶಕ್ತಿಯ ಬಹುಭಾಗ ಬಾಣಕ್ಕೆ ಹೋಗುತ್ತದೆ. ಹಿಂದಿನಿಂದ ಬಿದ್ದ ಆ ತಳ್ಳಿಗೆ ಬಾಣ ಬಳುಕುತ್ತದೆ.

ಎಷ್ಟು ಬಳುಕಬೇಕು? ಅದನ್ನು ತಿಳಿಸುವ ಸಂಖ್ಯೆಯೇ ‘ಸ್ಪೈನ್’. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣದ ಕೊಳವೆಯನ್ನಿಟ್ಟು, ನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕವನ್ನು ತೂಗುಬಿಡುತ್ತಾರೆ. ಅರ್ಧ ಇಂಚು ಬಗ್ಗಿದರೆ ಸ್ಪೈನ್ 500. 0.4 ಇಂಚು ಬಗ್ಗಿದರೆ 400. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಡುಸು. 50 ಪೌಂಡಿನ ಬಿಲ್ಲು, 28 ಇಂಚಿನ ಬಾಣವಾದರೆ ಸಾಮಾನ್ಯವಾಗಿ 500ರ ಆಸುಪಾಸು ಹೊಂದುತ್ತದೆ. ಬಾಣ ಉದ್ದವಾದರೆ ಅಥವಾ ಮೊನೆ ಭಾರವಾದರೆ ಹೆಚ್ಚು ಗಡುಸಾದದ್ದು ಬೇಕು. ತಯಾರಕರು ಇದಕ್ಕಾಗಿ ಕೋಷ್ಟಕ ಕೊಟ್ಟಿರುತ್ತಾರೆ. ಬಿಲ್ಲಿನ ಪೌಂಡ್, ಬಾಣದ ಉದ್ದ, ಮೊನೆಯ ತೂಕ, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಬಾಣ ತೀರಾ ಗಿಡ್ಡವಾಗಿರಬಾರದು. ಪೂರ್ತಿ ಎಳೆದಾಗ ಅದರ ತುದಿ ಆಸರೆಯಿಂದ ಹಿಂದಕ್ಕೆ ಜಾರಿದರೆ ಬಿಲ್ಲು ಹಿಡಿದ ಕೈಗೇ ಅಪಾಯ. ಕಲಿಯುವವರಿಗೆ ಒಂದಿಂಚಾದರೂ ಮುಂದೆ ಉಳಿಯುವಂತಿರಲಿ.

ಎರಡನೆಯದು ತೂಕ. ಹಗುರ ಬಾಣ ವೇಗವಾಗಿ ಹೋಗುತ್ತದೆಂದು ಮಕ್ಕಳಿಗೆ ಆಸೆ. ಆದರೆ ತೀರಾ ಹಗುರವಾದರೆ ಬಿಲ್ಲಿನ ಶಕ್ತಿಯನ್ನು ಅದು ಹೊತ್ತೊಯ್ಯಲಾರದು. ಉಳಿದ ಶಕ್ತಿ ಬಿಲ್ಲಿಗೇ ಪೆಟ್ಟು ಕೊಡುತ್ತದೆ. ಪೌಂಡಿಗೆ ಕನಿಷ್ಠ 5 ಗ್ರೇನ್ ಎಂಬುದು ರೂಢಿಯ ಲೆಕ್ಕ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಹಾಗಾದರೆ 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಅಂದರೆ ಸುಮಾರು 16 ಗ್ರಾಂ ಕನಿಷ್ಠ ಮಿತಿ. ಇಂಚಿಗೆ 8 ಗ್ರೇನ್ ತೂಗುವ 28 ಇಂಚಿನ ಕೊಳವೆ 224 ಗ್ರೇನ್ ಆಯಿತು. ಮೊನೆ 100. ಗರಿ, ಹಿಂಬದಿಯ ನಾಕ್ ಇತ್ಯಾದಿ ಸುಮಾರು 45. ಒಟ್ಟು 370ರ ಹತ್ತಿರ. ಕಲಿಕೆಗೆ ಇದು ಹದವಾದ ತೂಕ. ಒಂದೇ ಸ್ಪೈನ್‌ನ ಎರಡು ಬಾಣಗಳಲ್ಲಿ ಸ್ವಲ್ಪ ಭಾರದ್ದು, ಗೋಡೆ ದಪ್ಪವಿರುವುದು, ಸಾಮಾನ್ಯವಾಗಿ ಹೆಚ್ಚು ತಾಳಿಕೊಳ್ಳುತ್ತದೆ.

ಇನ್ನು ಬೆಲೆ ಏರಿಸುವ ಅಂಶ ನೇರತನ. ಪೆಟ್ಟಿಗೆಯ ಮೇಲೆ .001, .003, .006 ಎಂದು ಇಂಚಿನಲ್ಲಿ ಬರೆದಿರುತ್ತದೆ. .006 ಇಂಚು ಎಂದರೆ 0.15 ಮಿಲಿಮೀಟರ್. 30 ಮೀಟರ್ ದೂರದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಬಾಣಗಳು ಹರಡುವ ಹಂತದಲ್ಲಿರುವ ಮಗುವಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಇಲ್ಲಿ ಹಣ ಉಳಿಸಿ. ಉಳಿದ ಹಣಕ್ಕೆ ಅದೇ ಬಗೆಯ ಹೆಚ್ಚುವರಿ ಬಾಣಗಳನ್ನು ಒಟ್ಟಿಗೇ ಕೊಳ್ಳಿ. 50 ಮೀಟರ್ ಸ್ಪರ್ಧೆಯಲ್ಲಿ ಸುತ್ತಿಗೆ ಆರು ಬಾಣ, ಅರ್ಹತಾ ಹಂತದಲ್ಲಿ ಒಟ್ಟು 72 ಬಾಣ ಬಿಡಬೇಕು. ಒಂದು ಸುತ್ತಿನ ಬಾಣಗಳೆಲ್ಲ ಒಂದೇ ತೆರನಾಗಿರಬೇಕೆಂಬುದು ನಿಯಮ.

ಈಗ ಪರೀಕ್ಷೆಯ ವಿಷಯ. ಅಲ್ಯೂಮಿನಿಯಂ ಬಾಣ ಪೆಟ್ಟು ತಿಂದರೆ ಸೊಟ್ಟಗಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ಮಾಡಿದ ಕೊಳವೆಯದು. ಒಳಗೆ ಎಳೆ ಸೀಳಿದ್ದರೂ ಹೊರಗೆ ನೇರವಾಗಿಯೇ ಕಾಣಬಹುದು. ಅಂಥ ಬಾಣವನ್ನು ಬಿಟ್ಟರೆ ಹೆದೆಯ ಹೊಡೆತಕ್ಕೆ ಅಲ್ಲೇ ಮುರಿದು, ಅದರ ಚೂಪಾದ ಸಿಬಿರುಗಳು ಅಂಗೈಗೋ ಮುಂಗೈಗೋ ಹೊಕ್ಕಾವು.

ಆದ್ದರಿಂದ ಹೂಡುವ ಮುನ್ನ ಪ್ರತಿ ಬಾಣವನ್ನೂ ತಿರುಗಿಸಿ ನೋಡಬೇಕು. ಹತ್ತಿಯಿಂದ ಉದ್ದಕ್ಕೂ ಸವರಿದರೆ ಸೀಳಿದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮುಖದಿಂದ ದೂರ ಹಿಡಿದು ಮೆಲ್ಲಗೆ ಬಾಗಿಸಿ, ಸ್ವಲ್ಪ ತಿರುಚಿ, ಕಿವಿಗೊಟ್ಟು ಕೇಳಬೇಕು. ಸದ್ದು ಬಂದರೆ ಅದರ ಕೆಲಸ ಮುಗಿಯಿತು. ಅಂಟು ಹಾಕುವುದು, ಟೇಪು ಸುತ್ತುವುದು ಸಲ್ಲದು. ಇನ್ನೊಂದು ಮಗು ಎತ್ತಿಕೊಳ್ಳದಂತೆ ಎರಡಾಗಿ ಮುರಿದು ಎಸೆಯಬೇಕು.

ಬಾಳಿಕೆ ಹೆಚ್ಚಿಸಲು ಸಣ್ಣ ಉಪಾಯಗಳಿವೆ. ಆರೂ ಬಾಣಗಳನ್ನು ಒಂದೇ ಚುಕ್ಕೆಗೆ ಬಿಡದೆ ಎರಡು ಮೂರು ಗುರಿಗಳಿಗೆ ಹಂಚಿದರೆ ಒಂದಕ್ಕೊಂದು ಬಡಿಯುವುದು ತಪ್ಪುತ್ತದೆ. ಕೀಳುವಾಗ ಗುರಿಯ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಮೊನೆ ಬದಲಿಸಲು ಕೊಳವೆಯನ್ನು ಬೆಂಕಿಗೆ ಹಿಡಿಯಬೇಡಿ. ಶಾಖಕ್ಕೆ ರಾಳ ಕೆಡುತ್ತದೆ.

ಆ ದಿನ ಹುಡುಗಿ ಬತ್ತಳಿಕೆಯಿಂದ ಇನ್ನೊಂದು ಬಾಣ ತೆಗೆದಳು. ಹೂಡುವ ಮೊದಲು ತಾನೇ ಅದನ್ನು ಬಾಗಿಸಿ ಕಿವಿಗೊಟ್ಟಳು. ಸದ್ದಿರಲಿಲ್ಲ. ತಂದೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆ ಅರ್ಧ ನಿಮಿಷದ ಎಚ್ಚರಕ್ಕೆ ಯಾರೂ ಹಣ ತೆರಬೇಕಾಗಿಲ್ಲ. ನಿಮ್ಮ ಮನೆಯ ಮಕ್ಕಳಿಗೂ ಮೊದಲ ಬಾಣದ ಜೊತೆಯಲ್ಲೇ ಅದನ್ನು ಕಲಿಸಿ.