ಎಷ್ಟು ದೊಡ್ಡ ಪೆಟ್ಟಿಗೆ ಬೇಕು? ಪೋರ್ಟಬಲ್ ಪವರ್ ಸ್ಟೇಷನ್ ಕೊಳ್ಳುವ ಮುನ್ನ ಒಂದು ಮನೆಲೆಕ್ಕ

(ಮಹಿಳಾ ವೇದಿಕೆಯ ಬೇಸಿಗೆ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



“ನೀನು ಐಟಿಯವಳು, ಎಂ.ಟೆಕ್ ಬೇರೆ ಮಾಡಿದ್ದೀಯ, ಕರೆಂಟಿನ ವಿಷಯ ನೀನೇ ಮಾತಾಡು” ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಐಟಿಗೂ ಕರೆಂಟಿಗೂ ಇರುವ ನಂಟು ಇಷ್ಟೇ: ಅದು ಹೋದರೆ ನಾವು ಕೈಕಟ್ಟಿ ಕೂರುತ್ತೇವೆ. ಇವತ್ತಿನ ಲೆಕ್ಕಕ್ಕೆ ಎಂ.ಟೆಕ್ ಬೇಡ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಇಡುವವರಿಗೆ ಇದು ಸಲೀಸು.

ನಮ್ಮ ನಾಗಪುರದ ಮಗ್ಗುಲಲ್ಲೇ ಕೋರಾಡಿ, ಖಾಪರಖೇಡಾ ಎಂಬ ಎರಡು ದೊಡ್ಡ ವಿದ್ಯುತ್ ಸ್ಥಾವರಗಳಿವೆ. ಕರೆಂಟು ಹುಟ್ಟುವ ಊರು ಎನ್ನಬೇಕು. ಆದರೂ ಮೇ ತಿಂಗಳಲ್ಲಿ ಎಲ್ಲರ ಮನೆಯ ಕೂಲರ್, ಏಸಿ ಒಟ್ಟಿಗೆ ತಿರುಗುವಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಕೈಕೊಡುತ್ತದೆ. ಮಳೆಗಾಲದ ಮೊದಲ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಸ್ಥಾವರ ಎಷ್ಟು ಹತ್ತಿರವಿದ್ದರೇನು, ಕೆಡುವುದು ಮನೆ ಮುಂದಿನ ನೂರು ಅಡಿ ತಂತಿ.

ಸ್ವಂತ ಮನೆಯವರು ಇನ್ವರ್ಟರ್ ಹಾಕಿಸಿಕೊಂಡಿದ್ದಾರೆ. ಮನೀಷ್ ನಗರ, ವರ್ಧಾ ರಸ್ತೆಯ ಕಡೆ ಬಾಡಿಗೆ ಫ್ಲ್ಯಾಟಿನಲ್ಲಿರುವ ನಮ್ಮಂಥವರಿಗೆ ಮಾಲೀಕರು ವೈರಿಂಗ್ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಕೈಯಲ್ಲಿ ಎತ್ತಿಕೊಂಡು ಹೋಗುವ ಪೆಟ್ಟಿಗೆ, ಅಂದರೆ ಪೋರ್ಟಬಲ್ ಪವರ್ ಸ್ಟೇಷನ್, ನಮ್ಮ ಮಾತಿಗೆ ಬಂದಿದೆ. ಒಳಗೆ ಲಿಥಿಯಂ ಬ್ಯಾಟರಿ, ಅದರ ಜೊತೆಗೇ ಇನ್ವರ್ಟರ್, ಮುಂದೆ ಮನೆಯಲ್ಲಿರುವಂಥದ್ದೇ ಪ್ಲಗ್ಗು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಬೇಸಿಗೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “500ರದ್ದು ಸಾಕಾ, 1000ದ್ದು ಬೇಕಾ?”

ನಾನು ತಿರುಗಿ ಕೇಳುವುದು: 500 ಏನು?

ಈ ಪೆಟ್ಟಿಗೆಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು ವ್ಯಾಟ್, ಇನ್ನೊಂದು ವ್ಯಾಟ್-ಅವರ್. ನೀರಿನ ಕೊಡ ನೆನಪಿಸಿಕೊಳ್ಳಿ. ಕೊಡದಲ್ಲಿ ಎಷ್ಟು ನೀರಿದೆ ಎಂಬುದು ವ್ಯಾಟ್-ಅವರ್. ಕೊಡದ ಬಾಯಿ ಎಷ್ಟು ಅಗಲ, ಒಂದೇ ಸಲಕ್ಕೆ ಎಷ್ಟು ಸುರಿಯಬಹುದು ಎಂಬುದು ವ್ಯಾಟ್. ಕರೆಂಟು ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅಂದಮೇಲೆ 1000 ವ್ಯಾಟ್-ಅವರ್ ಪೆಟ್ಟಿಗೆಯೊಳಗಿರುವುದು ಬರೀ ಒಂದು ಯೂನಿಟ್! ಕೊಡುವ ದುಡ್ಡು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಸತ್ಯ ಅದೇ.

ಅಡುಗೆಮನೆಯಿಂದಲೇ ಉದಾಹರಣೆ ಕೊಡುತ್ತೇನೆ. ನಿಮ್ಮ ಮಿಕ್ಸಿ 750 ವ್ಯಾಟ್ ಎಂದುಕೊಳ್ಳಿ. ಚಟ್ನಿಗೆ ಎರಡು ನಿಮಿಷ. ಖರ್ಚಾಗುವುದು 25 ವ್ಯಾಟ್-ಅವರ್, ಲೆಕ್ಕಕ್ಕೇ ಬಾರದಷ್ಟು. ಆದರೆ 300 ವ್ಯಾಟ್ ಬಾಯಿಯ ಚಿಕ್ಕ ಪೆಟ್ಟಿಗೆಗೆ ಮಿಕ್ಸಿ ಸಿಕ್ಕಿಸಿದರೆ ಅದು ಬೀಪ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಹತ್ತು ಚಟ್ನಿಗಾಗುವಷ್ಟು ನೀರು ಕೊಡದಲ್ಲಿದೆ, ಬಾಯಿ ಮಾತ್ರ ಕಿರಿದು. ಇನ್ನು 700 ವ್ಯಾಟಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್ ನೋಡಿ. ಅರ್ಧ ಗಂಟೆ ಅನ್ನಕ್ಕೆ ಇಟ್ಟರೆ 350 ವ್ಯಾಟ್-ಅವರ್. ಬಾಯಿ ಎಷ್ಟೇ ಅಗಲವಿರಲಿ, ಒಂದು ಹೊತ್ತಿನ ಅನ್ನಕ್ಕೆ ಕೊಡ ಬರಿದು. ಆದ್ದರಿಂದ ಬಿಸಿ ಮಾಡುವ ಸಾಮಾನೆಲ್ಲ ಪಟ್ಟಿಯಿಂದ ಹೊರಗಿರಲಿ: ಇಸ್ತ್ರಿ ಪೆಟ್ಟಿಗೆ, ಗೀಸರ್, ಇಂಡಕ್ಷನ್ ಒಲೆ, ಕೆಟಲ್. ಗ್ಯಾಸ್ ಒಲೆ ಇರುವಾಗ ಬ್ಯಾಟರಿಯಲ್ಲಿ ಚಹಾ ಕಾಯಿಸುವುದು ಶ್ರೀಮಂತರ ಚಟ. ಏಸಿಯ ಆಸೆಯನ್ನೂ ಬಿಡಿ.

ಈಗ ಪಟ್ಟಿ. ಕರೆಂಟು ಹೋದಾಗ ಮನೆಯಲ್ಲಿ ಯಾವುದು ನಿಲ್ಲಲೇಬಾರದು, ಎಷ್ಟು ಹೊತ್ತು ನಿಲ್ಲಬಾರದು? ಅಂಗಡಿಯವನಿಗೆ ಇದು ಗೊತ್ತಿಲ್ಲ. ನಿಜ ಹೇಳಬೇಕೆಂದರೆ ದುಡ್ಡು ಕೊಡಲು ಹೋಗುವ ನಮ್ಮ ಯಜಮಾನರಿಗೂ ಪೂರ್ತಿ ಗೊತ್ತಿಲ್ಲ. ಮಗುವಿನ ಆನ್‌ಲೈನ್ ಕ್ಲಾಸು ಎಷ್ಟು ಹೊತ್ತಿಗೆ, ಮಾವನವರಿಗೆ ನೆಬ್ಯುಲೈಸರ್ ಎಷ್ಟು ಹೊತ್ತಿಗೆ ಎಂಬುದು ನಮಗೆ ಬಾಯಿಪಾಠ.

ಮನೆಯಿಂದ ಕೆಲಸ ಮಾಡುವವಳ ಪಟ್ಟಿ ಹೀಗಿರುತ್ತದೆ: ಲ್ಯಾಪ್‌ಟಾಪ್ 60 ವ್ಯಾಟ್, ವೈಫೈ ಪೆಟ್ಟಿಗೆಗಳು 15, ಎಲ್ಇಡಿ ದೀಪ 10, ಹಳೆಯ ಫ್ಯಾನು 75. ಕೂಡಿದರೆ 160. ಮೂರು ಗಂಟೆ ಬೇಕೆಂದರೆ 480 ವ್ಯಾಟ್-ಅವರ್. ಪೆಟ್ಟಿಗೆಯ ಮೇಲೆ ಬರೆದದ್ದಷ್ಟೂ ನಮ್ಮ ಕೈಗೆ ಬರುವುದಿಲ್ಲ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವಾಗ ಸ್ವಲ್ಪ ಸೋರುತ್ತದೆ. ನೂರಕ್ಕೆ ಎಂಬತ್ತು ಸಿಕ್ಕೀತು ಎಂದಿಟ್ಟುಕೊಂಡು 0.8ರಿಂದ ಭಾಗಿಸಿ. 600 ಬಂತು. ಅಂಗಡಿಯಲ್ಲಿ ಅದರ ಮೇಲಿನ ಗಾತ್ರವೇ ತೋರಿಸುತ್ತಾರೆ.

ಅದೇ ಮನೆಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ ನೋಡಿ. ಒಟ್ಟು 115, ಮೂರು ಗಂಟೆಗೆ 345, ಭಾಗಿಸಿದರೆ ಸುಮಾರು 430. ಈಗ 500 ವ್ಯಾಟ್-ಅವರ್‌ನದ್ದೇ ಸಾಕು. ಫ್ಯಾನಿಗೆ ಹಾಕಿದ ದುಡ್ಡು ಪೆಟ್ಟಿಗೆಯಲ್ಲಿ ಉಳಿಯಿತು, ವರ್ಷವಿಡೀ ಬಿಲ್ಲಿನಲ್ಲೂ ಉಳಿಯುತ್ತದೆ. ಪೆಟ್ಟಿಗೆ ದೊಡ್ಡದು ಮಾಡುವ ಮೊದಲು ಪಟ್ಟಿ ಚಿಕ್ಕದು ಮಾಡಿ. ಇನ್ನು ವೈಫೈ ಒಂದೇ ನಿಲ್ಲಬಾರದು ಎನ್ನುವವರಿಗೆ ಈ ಪೆಟ್ಟಿಗೆಯೇ ಬೇಡ. ರೌಟರಿಗೆಂದೇ ಅಂಗೈಯಗಲದ ಪುಟ್ಟ ಯುಪಿಎಸ್ ಸಿಗುತ್ತದೆ.

ಫ್ರಿಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಪೆಟ್ಟಿಗೆಯ ಮೇಲೆ ‘ಸರ್ಜ್’ ಎಂದು ಬರೆದಿರುವ ಅಂಕಿ ಅದಕ್ಕೇ. ಆದರೆ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಎರಡು ಗಂಟೆಯ ಪವರ್ ಕಟ್ಟಿಗೆ ಅದರ ಚಿಂತೆ ಯಾಕೆ? ಮಕ್ಕಳ ಕೈಗೆ ಬಾಗಿಲು ಸಿಗದಂತೆ ನೋಡಿಕೊಂಡರಾಯಿತು. ಕೂಲರ್ ಮಾತು ಬೇರೆ. ನಾಗಪುರದ ಮೇ ತಿಂಗಳಲ್ಲಿ ಕೂಲರಿಲ್ಲದ ರಾತ್ರಿ ರಾತ್ರಿಯೇ ಅಲ್ಲ. 200 ವ್ಯಾಟಿನ ಕೂಲರ್ ನಾಲ್ಕು ಗಂಟೆ ಓಡಬೇಕೆಂದರೆ ಅದೊಂದಕ್ಕೇ 1000 ವ್ಯಾಟ್-ಅವರ್ ಪೆಟ್ಟಿಗೆ ಬೇಕು.

ಈಗ ನಾನು ಈ ಮಾತು ಒಪ್ಪಿಕೊಂಡ ನಿಜವಾದ ಕಾರಣಕ್ಕೆ ಬರುತ್ತೇನೆ. ನಮ್ಮ ಪರಿಚಯದ ಒಬ್ಬ ಅಕ್ಕನ ಮನೆಯಲ್ಲಿ ಮಾವನವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಹಾಕಿದ್ದಾರೆ. ಅಂಗಡಿಯೊಂದರಲ್ಲಿ “1000ದ್ದು ತಗೊಳ್ಳಿ, ರಾತ್ರಿಯಿಡೀ ಓಡುತ್ತೆ” ಎಂದರಂತೆ. ಅಕ್ಕ ದುಡ್ಡು ಕೊಡುವ ಮೊದಲು ನನಗೆ ಫೋನು ಮಾಡಿದರು. ಕೂತು ಲೆಕ್ಕ ಹಾಕಿದೆವು. ಐದು ಲೀಟರಿನ ಆ ಯಂತ್ರ ಎಳೆಯುವುದು ಸುಮಾರು 350 ವ್ಯಾಟ್. 1000 ವ್ಯಾಟ್-ಅವರ್‌ನಲ್ಲಿ ಕೈಗೆ ಸಿಗುವುದು 800. 800ನ್ನು 350ರಿಂದ ಭಾಗಿಸಿ. ಎರಡು ಗಂಟೆ ಹದಿನೈದು ನಿಮಿಷ ಚಿಲ್ಲರೆ! ರಾತ್ರಿಯಿಡೀ ಎಂದು ನಂಬಿ ಮಲಗಿದ್ದರೆ?

ಎರಡರಷ್ಟು ದೊಡ್ಡ ಪೆಟ್ಟಿಗೆ ತಂದರೂ ನಾಲ್ಕೂವರೆ ಗಂಟೆ. ಅದೇ 1500 ಲೀಟರ್ ಆಮ್ಲಜನಕ ಹಿಡಿಯುವ ಬಿ ಟೈಪ್ ಸಿಲಿಂಡರ್ ಒಂದು ಮನೆಯಲ್ಲಿದ್ದರೆ, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಅದಕ್ಕೆ ಕರೆಂಟೇ ಬೇಡ. ಆ ಅಕ್ಕನಿಗೆ ನಾನು ಹೇಳಿದ್ದು: ಡಾಕ್ಟರನ್ನು ಕೇಳಿ ಮೊದಲು ಸಿಲಿಂಡರ್ ಮತ್ತು ಅದರ ರೆಗ್ಯುಲೇಟರ್ ತನ್ನಿ, ಮನೆಯಲ್ಲಿ ಇಬ್ಬರಾದರೂ ಅದನ್ನು ಜೋಡಿಸುವುದು ಕಲಿತಿರಲಿ. ಪೆಟ್ಟಿಗೆ ಬೇಕಿದ್ದರೆ ಆಮೇಲೆ, ಸಿಲಿಂಡರ್ ಜೋಡಿಸುವವರೆಗಿನ ಸಮಯಕ್ಕೆ. ಸಿಲಿಂಡರಿನ ಹತ್ತಿರ ದೇವರ ದೀಪ, ಊದುಬತ್ತಿ ಬೇಡ. ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ರಾತ್ರಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುವವರ ಲೆಕ್ಕ ಹಗುರ. ತೇವಾಂಶದ ಹೀಟರ್ ಆರಿಸಿಟ್ಟರೆ ಸುಮಾರು 40 ವ್ಯಾಟ್, ಎಂಟು ಗಂಟೆಗೆ 320, ಭಾಗಿಸಿದರೆ 400. ಹೀಟರ್ ಹಚ್ಚಿದರೆ ಇದು ದುಪ್ಪಟ್ಟೂ ಆದೀತು. ಇಂಥ ಯಂತ್ರಗಳಿಗೆ ‘ಪ್ಯೂರ್ ಸೈನ್ ವೇವ್’ ಎಂದು ಬರೆದ ಪೆಟ್ಟಿಗೆಯೇ ಆಗಬೇಕು. ಯಂತ್ರದ ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ಇರುತ್ತದೆ. ನನ್ನ ಅಂಕಿ ಬಿಟ್ಟು ಅದನ್ನೇ ಹಿಡಿಯಿರಿ.

ಜಾಹೀರಾತಿನ ಒಂದು ಮಾಯೆ ಇದೆ. ‘80,000 ಎಂಎಎಚ್’ ಎಂದು ದೊಡ್ಡದಾಗಿ ಹಾಕುತ್ತಾರೆ. ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿ. 296 ವ್ಯಾಟ್-ಅವರ್. ಎಂಬತ್ತು ಸಾವಿರ ಹೋಗಿ ಮುನ್ನೂರೂ ಉಳಿಯಲಿಲ್ಲ. ವ್ಯಾಟ್-ಅವರ್ ಬರೆಯದ ಪೆಟ್ಟಿಗೆಯನ್ನು ನಾನಂತೂ ಕೊಳ್ಳುವುದಿಲ್ಲ. ಬ್ಯಾಟರಿಗೆ ಬಿಐಎಸ್ ನೋಂದಣಿ ಇದೆಯೇ ನೋಡಿ. ‘ಆರ್’ ಅಕ್ಷರದಿಂದ ಶುರುವಾಗುವ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ತಾಳೆ ನೋಡಬಹುದು.

ಬ್ಯಾಟರಿಯಲ್ಲಿ ಎರಡು ಜಾತಿ. ನಮ್ಮ ಊರಿನ ಬಿಸಿಲಿಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್ಎಫ್‌ಪಿ, ಒಳ್ಳೆಯದು. ತೂಕ ಸ್ವಲ್ಪ ಹೆಚ್ಚು, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ, ಬಾಳಿಕೆಯೂ ಜಾಸ್ತಿ. ಇದರ ಹಿಂದೆ ನಮಗೆ ಖುಷಿಕೊಡುವ ಒಂದು ಸಂಗತಿಯಿದೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು 1997ರಲ್ಲಿ ಪ್ರಕಟವಾದ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂತು. ಬರೆದವರು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಾದ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅದು ಎಲ್ಲರಿಗೂ ಗೊತ್ತು. ಆದರೆ ನಂಜುಂಡಸ್ವಾಮಿ ಎಂಬ ಹೆಸರು ಕಂಡಾಗ ಕಪಿಲಾ ತೀರ ನೆನಪಾಗದ ಕನ್ನಡಿಗರುಂಟೇ!

ಎಲ್ಎಫ್‌ಪಿ ಆದರೂ ಬಿಸಿಲಿಗೆ ಬಿಟ್ಟರೆ ಹಾಳೇ. ಬಹಳಷ್ಟು ಪೆಟ್ಟಿಗೆಗಳ ಕೈಪಿಡಿಯಲ್ಲಿ 40 ಅಥವಾ 45 ಡಿಗ್ರಿ ದಾಟಿದ ಜಾಗದಲ್ಲಿ ಚಾರ್ಜ್ ಮಾಡಬೇಡಿ ಎಂದಿರುತ್ತದೆ. ನವತಪಾದಲ್ಲಿ ನಮ್ಮ ಬಾಲ್ಕನಿಯೇ ಅಷ್ಟಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಇನ್ನೂ ಹೆಚ್ಚು. ಮನೆಯಲ್ಲಿ ತಂಪಾದ ಕೋಣೆಯ ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಮೇಲೆ ಟವೆಲ್ಲು, ಬೆಡ್‌ಶೀಟು ಹೊದಿಸಬೇಡಿ. ಚಾರ್ಜ್ ಮುಂಜಾನೆಯೇ ಮುಗಿಸಿ. ಸೋಲಾರ್ ಹಲಗೆ ಜೋಡಿಸುವವರು ಹಲಗೆಯನ್ನು ಬಿಸಿಲಲ್ಲಿ, ಪೆಟ್ಟಿಗೆಯನ್ನು ನೆರಳಲ್ಲಿ ಇಡಬೇಕು. ಹಲಗೆಯೂ ಕಾದಷ್ಟು ಕಡಿಮೆ ಕೊಡುತ್ತದೆ, ಹಾಗಾಗಿ 100 ವ್ಯಾಟಿನದ್ದರಲ್ಲಿ 70 ಬಂದರೆ ಸಮಾಧಾನಪಡಿ.

ಯಾರು ಹೇಳಿದರೂ ಮಾಡಬಾರದ ಒಂದು ಕೆಲಸವಿದೆ. ಎರಡೂ ತುದಿಗೆ ಪಿನ್ನಿರುವ ವೈರು ಮಾಡಿಸಿ ಪೆಟ್ಟಿಗೆಯಿಂದ ಗೋಡೆಯ ಪ್ಲಗ್ಗಿಗೆ ಕರೆಂಟು ತುಂಬಬೇಡಿ. ಬೀದಿಯಲ್ಲಿ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಮನೆಯ ಮಗು ಆ ಪಿನ್ನು ಮುಟ್ಟಿದರೂ ಅಷ್ಟೇ.

ಸ್ವಂತ ಮನೆ, ಬ್ಯಾಟರಿಗೆ ನೀರು ಹಾಕುವವರು ಇದ್ದಾರೆ, ನಾಲ್ಕು ಫ್ಯಾನು ತಿರುಗಬೇಕು ಎನ್ನುವವರಿಗೆ ಹಳೆಯ ಇನ್ವರ್ಟರೇ ಇವತ್ತಿಗೂ ಅಗ್ಗ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿ ಲೆಕ್ಕದಲ್ಲಿ 1800 ವ್ಯಾಟ್-ಅವರ್. ಬಾಳಿಕೆ ಬರಬೇಕೆಂದರೆ ಅರ್ಧದಷ್ಟೇ ಬಳಸಬೇಕು, ಹಾಗಿದ್ದರೂ ದುಡ್ಡಿನಲ್ಲಿ ಅದೇ ಗೆಲ್ಲುತ್ತದೆ. ಬಾಡಿಗೆ ಮನೆ, ಪದೇ ಪದೇ ವರ್ಗಾವಣೆ, ಹಾಸಿಗೆಯ ಪಕ್ಕದಲ್ಲೇ ಯಂತ್ರ ಬೇಕು ಎನ್ನುವವರಿಗೆ ಈ ಪೆಟ್ಟಿಗೆ.

ರಜೆಗೆ ಊರಿಗೆ ಹೊರಡುವವರಿಗೆ ಕೊನೆಯ ಮಾತು. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು, 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು. ಅದಕ್ಕಿಂತ ದೊಡ್ಡದನ್ನು ಹತ್ತಿಸಿಕೊಳ್ಳುವುದಿಲ್ಲ. ಬೆಂಗಳೂರಿನ ಅಮ್ಮನಿಗೆ ಇಲ್ಲಿಂದ ಕೊಂಡೊಯ್ಯುವ ಯೋಚನೆ ಬಿಟ್ಟು ಅಲ್ಲೇ ಕೊಡಿಸಿ. ಇಲ್ಲಿ ಬಿಟ್ಟುಹೋಗುವ ಪೆಟ್ಟಿಗೆಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಬರಿದಾಗಿಯೂ ಇಡಬೇಡಿ, ಅರ್ಧಕ್ಕಿಂತ ಸ್ವಲ್ಪ ಮೇಲಿರಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಹಿಂದಿನ ಮೇಜಿನ ಮೇಲೆ ಖಾಲಿ ಹಾಳೆಗಳಿವೆ. ಯಂತ್ರದ ಹೆಸರು, ವ್ಯಾಟ್, ಎಷ್ಟು ಗಂಟೆ ಎಂದು ಮೂರು ಗೆರೆ ಎಳೆದಿದ್ದೇನೆ. ಮನೆಗೆ ಹೋಗಿ ಚೀಟಿ ನೋಡಿ ತುಂಬಿಸಿ, ಫೋಟೋ ಕಳಿಸಿ, ಭಾಗಾಕಾರ ನಾನು ಮಾಡಿಕೊಡುತ್ತೇನೆ. ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡವರಿದ್ದರೆ ಅವರ ಹಾಳೆ ಇವತ್ತು ರಾತ್ರಿಯೇ ಬರಲಿ.