ನೂರನೇ ಒಂದು ಸೆಕೆಂಡಿನ ನ್ಯಾಯ



1984ರ ಆಗಸ್ಟ್ 8ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಮುಟ್ಟಿದ್ದು 55.41 ಸೆಕೆಂಡಿಗೆ. ಕಂಚಿನ ಪದಕ ರುಮೇನಿಯಾಕ್ಕೆ ಹೋಯಿತು, ಉಷಾ ನಾಲ್ಕನೆಯವರಾದರು. ಇಡೀ ದೇಶ ಮರುಗಿದ ಆ ನೂರನೇ ಒಂದು ಸೆಕೆಂಡು ಎಂದರೆ ಎಷ್ಟು ಹೊತ್ತು? ಕಣ್ಣಿನ ರೆಪ್ಪೆ ಮುಚ್ಚಿ ತೆರೆಯುವುದಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಓಟದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಏಳು ಸೆಂಟಿಮೀಟರ್. ನಾಲ್ಕು ಬೆರಳಿನ ಅಗಲ.

ಇಷ್ಟು ಸಣ್ಣ ಅಂತರವನ್ನು ನಂಬಿ ಒಬ್ಬರಿಗೆ ಪದಕ ಕೊಡುವುದು, ಇನ್ನೊಬ್ಬರನ್ನು ಬರಿಗೈಯಲ್ಲಿ ಕಳಿಸುವುದು ಸರಿಯೇ? ಇದು ಕ್ರೀಡೆಯೊಂದರ ಪ್ರಶ್ನೆಯಲ್ಲ. ಪರಮಾಣು ಗಡಿಯಾರ ಕಟ್ಟುವ ಭೌತವಿಜ್ಞಾನಿಗೂ, ಓಟಗಾರನ ಕಾಲಿನ ಚಲನೆಯನ್ನು ಅಭ್ಯಾಸ ಮಾಡುವ ಸಂಶೋಧಕನಿಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಆದರೆ ಇಬ್ಬರೂ ಕೇಳುವುದು ಒಂದೇ: ಎಷ್ಟು ಸೂಕ್ಷ್ಮವಾಗಿ ಅಳೆಯಬಹುದು, ಮತ್ತು ಆ ಅಳತೆಗೆ ಅರ್ಥವಿರುವುದು ಎಲ್ಲಿಯವರೆಗೆ?

ನಮ್ಮ ಹಿರಿಯರು ಹಗಲು ರಾತ್ರಿ ಕೂಡಿದ ಒಂದು ದಿನವನ್ನು 60 ಗಳಿಗೆಗಳಾಗಿ ವಿಂಗಡಿಸಿದ್ದರು. ಗಳಿಗೆ ಎಂದರೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು. ಮದುವೆಯ ಮುಹೂರ್ತಕ್ಕೆ, ದೇವಸ್ಥಾನದ ಪೂಜೆಗೆ ಅಷ್ಟು ಸಾಕಿತ್ತು. ಮುಂದೆ ಸೆಕೆಂಡು ಬಂದಾಗಲೂ ಅಳತೆಗೋಲು ಬದಲಾಗಲಿಲ್ಲ. ದಿನವನ್ನು 86,400 ಪಾಲು ಮಾಡಿದರೆ ಒಂದು ಪಾಲೇ ಸೆಕೆಂಡು. ಅಂದರೆ ಭೂಮಿಯೇ ಗಡಿಯಾರ.

ಆದರೆ ಆ ಗಡಿಯಾರ ನೆಚ್ಚಿಕೊಳ್ಳುವಂಥದ್ದಲ್ಲ. 1930ರ ದಶಕದಲ್ಲಿ ಕ್ವಾರ್ಟ್ಜ್ ಹರಳಿನ ಗಡಿಯಾರಗಳು ಉತ್ತಮಗೊಂಡಾಗ, ಭೂಮಿ ಎಲ್ಲ ಋತುಗಳಲ್ಲೂ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದು ಕಂಡುಬಂತು. ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತಗಳು ಭೂಮಿಯ ತಿರುಗುವಿಕೆಗೆ ಶತಮಾನಗಳಿಂದ ತಡೆ ಹಾಕುತ್ತಲೇ ಬಂದಿವೆ. ತಿರುಗುವ ಭೂಮಿಯನ್ನು ಬಿಟ್ಟು ಬೇರೊಂದು ಆಸರೆ ಬೇಕಾಯಿತು.

ಅದು ಸಿಕ್ಕಿದ್ದು ಸೀಸಿಯಂ ಪರಮಾಣುವಿನಲ್ಲಿ. ಈ ಪರಮಾಣು ತನ್ನ ಎರಡು ನಿರ್ದಿಷ್ಟ ಶಕ್ತಿಸ್ಥಿತಿಗಳ ನಡುವೆ ಜಿಗಿಯಬೇಕಾದರೆ ಒಂದು ಗೊತ್ತಾದ ಆವರ್ತದ ಅಲೆಯೇ ಬೇಕು. ಲಂಡನ್ನಿನ ಸೀಸಿಯಂಗೂ ಬೆಂಗಳೂರಿನ ಸೀಸಿಯಂಗೂ ಭೇದವಿಲ್ಲ. ಅದು ಸವೆಯುವುದಿಲ್ಲ, ಮುಪ್ಪಾಗುವುದಿಲ್ಲ. 1955ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಇಂಥ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಲ್ಲಿ ಜಗತ್ತಿನ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಆ ಅಲೆಯ 9,192,631,770 ಕಂಪನಗಳಿಗೆ ಹಿಡಿಯುವ ಹೊತ್ತೇ ಒಂದು ಸೆಕೆಂಡು ಎಂದು ಸಾರಿತು. ಕಾಲವು ಆಕಾಶದಿಂದ ಇಳಿದು ಪ್ರಯೋಗಾಲಯದ ಕೊಳವೆಯೊಳಕ್ಕೆ ಬಂದದ್ದು ಹೀಗೆ.

ಪರಮಾಣುವಿನ ದಿನಕ್ಕೂ ಭೂಮಿಯ ದಿನಕ್ಕೂ ತಾಳೆ ಇರಬೇಕೆಂದು 1972ರಿಂದ ಆಗಾಗ ಒಂದೊಂದು ಅಧಿಕ ಸೆಕೆಂಡು ಸೇರಿಸುವ ಪದ್ಧತಿ ಬಂತು. ಪಂಚಾಂಗದ ಅಧಿಕ ಮಾಸವಿದ್ದಂತೆ ಇದು ಅಧಿಕ ಸೆಕೆಂಡು. 2016ರ ವರೆಗೆ ಹೀಗೆ 27 ಸೆಕೆಂಡುಗಳು ಸೇರಿದವು. ಕೊನೆಯದು ಭಾರತದಲ್ಲಿ ಬಂದದ್ದು 2017ರ ಜನವರಿ 1ರ ಬೆಳಗಿನ ಐದೂವರೆಗೆ, ಬಹಳ ಜನ ಇನ್ನೂ ನಿದ್ದೆಯಲ್ಲಿದ್ದಾಗ. ಗಣಕಯಂತ್ರಗಳಿಗೆ ಇದರಿಂದ ತೊಡಕಾಗುತ್ತದೆಂದು, 2035ರ ಹೊತ್ತಿಗೆ ಈ ಪದ್ಧತಿಯನ್ನು ಬಿಡಲು 2022ರಲ್ಲಿ ನಿರ್ಧಾರವಾಯಿತು.

ಇಷ್ಟೆಲ್ಲ ಸೂಕ್ಷ್ಮತೆ ಯಾರಿಗೆ ಬೇಕು ಎಂದು ಕೇಳಬಹುದು. ದಾರಿ ತೋರಿಸುವ ಉಪಗ್ರಹಗಳಿಗೆ ಬೇಕು. ರೇಡಿಯೋ ಅಲೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. 2023ರ ಮೇ ತಿಂಗಳಲ್ಲಿ ಇಸ್ರೋ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದ್ದದ್ದು ದೊಡ್ಡ ಸುದ್ದಿಯಾದದ್ದು ಇದಕ್ಕೇ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಎತ್ತರದ ಜಾಗದಲ್ಲಿರುವ ಗಡಿಯಾರ ಕೆಳಗಿನದಕ್ಕಿಂತ ಕೊಂಚ ಬೇಗ ಓಡುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರು. 2022ರಲ್ಲಿ ಅಮೆರಿಕದ ಬೌಲ್ಡರ್‌ನ ವಿಜ್ಞಾನಿಗಳು ಕೇವಲ ಒಂದು ಮಿಲಿಮೀಟರ್ ಎತ್ತರದಲ್ಲೇ ಈ ವ್ಯತ್ಯಾಸವನ್ನು ಅಳೆದರು. ಅಷ್ಟು ಸೂಕ್ಷ್ಮಕ್ಕೆ ಇಳಿದ ಮೇಲೆ 'ಈಗ ಗಂಟೆ ಎಷ್ಟು?' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 'ಎಲ್ಲಿ, ಎಷ್ಟು ಎತ್ತರದಲ್ಲಿ?' ಎಂದು ಮರಳಿ ಕೇಳಬೇಕಾಗುತ್ತದೆ. ಅಳತೆ ಬೆಳೆದಂತೆ ಪ್ರಶ್ನೆಯ ರೂಪವೇ ಬದಲಾಯಿತು.

ಕ್ರೀಡೆಯಲ್ಲೂ ಆದದ್ದು ಇದೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮಿಶ್ರ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕೀ ಇಬ್ಬರ ಕಾಲವೂ ನೂರನೇ ಪಾಲಿನವರೆಗೆ ಒಂದೇ ಆಗಿತ್ತು. ಸಾವಿರನೇ ಪಾಲಿನವರೆಗೆ ನೋಡಿದಾಗ ಸಿಕ್ಕಿದ್ದು 4 ನಿಮಿಷ 31.981 ಮತ್ತು 31.983 ಸೆಕೆಂಡು. ಚಿನ್ನ ಲಾರ್ಸನ್‌ಗೆ. ದೂರದಲ್ಲಿ ಹೇಳಿದರೆ ಅಂತರ ಮೂರು ಮಿಲಿಮೀಟರ್. ಆದರೆ ಸಿಮೆಂಟಿನ ಕೊಳ ಕಟ್ಟುವಾಗ ಒಂದು ಲೇನಿಗೂ ಇನ್ನೊಂದಕ್ಕೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ! ಗೆದ್ದದ್ದು ಈಜುಗಾರನೋ, ಗಾರೆ ಕೆಲಸದವನ ಕರಣೆಯೋ? ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಈಜಿನ ನಿಯಮ ಮುಂದೆ ನೂರನೇ ಪಾಲಿಗೇ ನಿಂತಿತು. 2016ರ ರಿಯೋದಲ್ಲಿ 100 ಮೀಟರ್ ಬಟರ್‌ಫ್ಲೈ ಸ್ಪರ್ಧೆಯಲ್ಲಿ ಫೆಲ್ಪ್ಸ್, ಲೆ ಕ್ಲೋಸ್, ಚೆಹ್ ಮೂವರೂ 51.14 ಸೆಕೆಂಡಿಗೆ ಗೋಡೆ ಮುಟ್ಟಿದಾಗ ಮೂವರಿಗೂ ಬೆಳ್ಳಿ ಕೊಟ್ಟರು.

ಓಟದಲ್ಲಿ ಹಾಗಲ್ಲ. 2024ರ ಪ್ಯಾರಿಸ್‌ನಲ್ಲಿ 100 ಮೀಟರ್ ಓಟದ ಚಿನ್ನ ತೀರ್ಮಾನವಾದದ್ದು ಸಾವಿರನೇ ಪಾಲಿನಲ್ಲೇ: ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789. ಕಾರಣವಿದೆ. ಈಜುಗಾರರು ಮುಟ್ಟುವುದು ತಮ್ಮ ತಮ್ಮ ಗೋಡೆಯನ್ನು. ಓಟಗಾರರೆಲ್ಲ ದಾಟುವುದು ಒಂದೇ ಗೆರೆಯನ್ನು, ಅದನ್ನು ನೋಡುವುದು ಒಂದೇ ಕ್ಯಾಮೆರಾ. ಅಲ್ಲಿ ಐದಾರು ಸೆಂಟಿಮೀಟರ್ ಅಂತರ ನಿಜವಾದ ಅಂತರ. ಉಷಾ ಸೋತದ್ದು ನೋವಿನ ಸಂಗತಿ. ಆದರೆ ಆ ಅಳತೆ ಸುಳ್ಳಲ್ಲ.

ಓಟದ ಆರಂಭದ ಮಾತು ಬೇರೆ. ಗುಂಡಿನ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಂಟನೇ ಲೇನಿನವನಿಗೆ ತಡವಾಗಿ ಕೇಳಬಾರದೆಂದು ಪ್ರತಿಯೊಬ್ಬರ ಹಿಂದೆಯೂ ಧ್ವನಿವರ್ಧಕ ಇಡುತ್ತಾರೆ. ಸದ್ದು ಕಿವಿಗೆ ಬಿದ್ದು, ಮಿದುಳಿಗೆ ಹೋಗಿ, ಅಪ್ಪಣೆ ಸ್ನಾಯುವಿಗೆ ಬಂದು, ಕಾಲು ಒತ್ತುವುದಕ್ಕೆ ಕನಿಷ್ಠ 0.100 ಸೆಕೆಂಡು ಬೇಕೆಂಬುದು ನಿಯಮದ ನಂಬಿಕೆ. ಅದಕ್ಕಿಂತ ಮೊದಲು ಒತ್ತಿದವರು ಸದ್ದು ಕೇಳಿ ಹೊರಟವರಲ್ಲ, ಊಹಿಸಿ ಹೊರಟವರು. 2022ರ ವಿಶ್ವ ಚಾಂಪಿಯನ್‌ಷಿಪ್‌ನ ಹರ್ಡಲ್ಸ್ ಫೈನಲ್‌ನಲ್ಲಿ ಅಮೆರಿಕದ ಡೆವನ್ ಅಲೆನ್ 0.099 ಸೆಕೆಂಡಿಗೆ ಕಾಲು ಒತ್ತಿದರೆಂದು ಸ್ಪರ್ಧೆಯಿಂದಲೇ ಹೊರಬಿದ್ದರು. ಆದರೆ ಕೆಲವರ ದೇಹ 85 ಮಿಲಿಸೆಕೆಂಡಿಗೂ ಮೊದಲೇ ಸ್ಪಂದಿಸಬಲ್ಲದು ಎಂದು ಜೈವಿಕ ಚಲನಶಾಸ್ತ್ರದ ಒಂದು ಬ್ರಿಟಿಷ್ ಅಧ್ಯಯನ 2007ರಲ್ಲೇ ಹೇಳಿತ್ತು. ಗಡಿಯಾರ ಸರಿಯಾಗಿಯೇ ಇತ್ತು. ಗೆರೆ ಎಳೆದ ಜಾಗ ಸರಿಯೇ ಎಂಬುದು ಸಂದೇಹ.

ಗಡಿಯಾರ ಎಷ್ಟು ಹೊತ್ತಾಯಿತು ಎಂದು ಹೇಳೀತು. ಯಾರು ಮೋಸ ಮಾಡಿದರು ಎಂದು ಹೇಳದು. ಅದಕ್ಕೆ ಗಡಿಯಾರದ ಜ್ಞಾನವೊಂದೇ ಸಾಲದು; ಗಾಳಿಯ, ಕಿವಿಯ, ನರದ, ಸ್ನಾಯುವಿನ, ಕಡೆಗೆ ಕೊಳದ ಗೋಡೆಯ ಜ್ಞಾನವೂ ಬೇಕು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ದುಡಿಯುವ ಸಂಶೋಧಕರು ಒಬ್ಬರಿಗೊಬ್ಬರು ಬೇಕಾಗುವುದು ಇಲ್ಲಿ. ಅಳತೆಯನ್ನು ಸೂಕ್ಷ್ಮಗೊಳಿಸುವುದು ವಿದ್ಯೆ; ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ವಿವೇಕ. ಮೂವರಿಗೆ ಬೆಳ್ಳಿ ಹಂಚಿದ ನಿಯಮದಲ್ಲಿ ಎರಡೂ ಇವೆ.