ಹಳೇ ಬ್ಯಾಟರಿ, ಹೊಸ ನಿಯಮ



ಇವತ್ತು ನಾವು ಬ್ಯಾಟರಿ ವಿಷಯ ಮಾತಾಡೋಣ. ನಗಬೇಡಿ. ಅದು ಗಂಡಸರ ವಿಷಯ ಅಂತ ಯಾರು ಹೇಳಿದರು? ಸಂಘದಿಂದ ಸಾಲ ತೆಗೆದು ಅಂಗಡಿ ಇಟ್ಟವರು ನಿಮ್ಮಲ್ಲೇ ಇದ್ದೀರಿ. ಟಾರ್ಚಿನ ಸೆಲ್ಲು ಮಾರುತ್ತೀರಿ. ಕೆಲವರು ಆಟೋ, ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಯನ್ನೂ ಇಟ್ಟಿದ್ದೀರಿ. ಮನೆಮನೆಗೆ ಹೋಗಿ ಗುಜರಿ ಕೊಳ್ಳುವವರೂ ಇದ್ದೀರಿ. ಹಳೇ ಬ್ಯಾಟರಿ ನಿಮ್ಮ ಕೈಗೆ ಬಂದೇ ಬರುತ್ತದೆ. ಅದನ್ನು ಏನು ಮಾಡಬೇಕು ಅಂತ ಸರ್ಕಾರ ನಿಯಮ ಮಾಡಿದೆ. ಆ ನಿಯಮ ಆಗಾಗ ಬದಲಾಗುತ್ತದೆ. ವ್ಯಾಪಾರ ಮಾಡುವವರಿಗೆ ಅದು ಗೊತ್ತಿರಬೇಕು.

ಮೊದಲು ಬ್ಯಾಟರಿ ಒಳಗೆ ಏನಿದೆ ಹೇಳುತ್ತೇವೆ. ಆಟೋ, ಟ್ರ್ಯಾಕ್ಟರ್ ಬ್ಯಾಟರಿ ಎತ್ತಿದರೆ ಸೊಂಟ ಹಿಡಿಯುತ್ತದೆ, ಅಲ್ಲವೇ? ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಜೊತೆಗೆ ಆಸಿಡ್. ಸೀಸಕ್ಕೆ ಒಳ್ಳೇ ಬೆಲೆ ಇದೆ. ಅದಕ್ಕೇ ಕೆಲವರು ಊರ ಹೊರಗೆ ಒಲೆ ಹೂಡಿ, ಬ್ಯಾಟರಿ ಒಡೆದು, ಸೀಸ ಕರಗಿಸುತ್ತಾರೆ. ಆಸಿಡ್ಡನ್ನು ಚರಂಡಿಗೆ ಸುರಿಯುತ್ತಾರೆ. ಹೊಗೆ ಗಾಳಿಗೆ ಸೇರುತ್ತದೆ. ದೂಳು ಮಣ್ಣಿಗೆ ಬೀಳುತ್ತದೆ. ಅಲ್ಲಿ ಕೆಲಸ ಮಾಡಿದವರ ಸೀರೆ ಸೆರಗಿನಲ್ಲಿ ಅದು ಮನೆಗೂ ಬರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಬಾಯಿಗೆ ಕೈ ಇಡುತ್ತದೆ.

ಸೀಸ ಮಕ್ಕಳ ಮೆದುಳಿಗೆ ವಿಷ. ಬಸುರಿಯ ಮೈಯಲ್ಲಿದ್ದರೆ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದು ಕಣ್ಣಿಗೆ ಕಾಣುವ ಕಾಯಿಲೆಯೂ ಅಲ್ಲ. ಮಗುವಿಗೆ ರಕ್ತ ಕಡಿಮೆ, ಹೊಟ್ಟೆ ನೋವು, ಕಲಿತದ್ದು ನೆನಪಿಲ್ಲ. ನಾವು ಶಾಲೆಯವರು ಅಂಥ ಮಗುವನ್ನು ದಡ್ಡ ಅಂತ ಕೂರಿಸಿಬಿಡುತ್ತೇವೆ. ರಕ್ತ ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವುದಿಲ್ಲ.

ಆಫ್ರಿಕಾದಲ್ಲಿ ಸೆನೆಗಲ್ ಅಂತ ಒಂದು ದೇಶ. ಅದರ ರಾಜಧಾನಿ ಡಾಕರ್. ಅಲ್ಲಿನ ಒಂದು ಬಡವರ ಬಡಾವಣೆಯಲ್ಲಿ ಬಹಳ ಕಾಲ ಹಳೇ ಬ್ಯಾಟರಿ ಒಡೆಯುತ್ತಿದ್ದರು. ಸೀಸದ ಬೆಲೆ ಏರಿತು. ಹೆಂಗಸರು ಆ ಮಣ್ಣನ್ನೇ ಅಗೆದು, ಜರಡಿ ಹಿಡಿದು, ಸೀಸದ ಚೂರು ಆರಿಸಿ ಮಾರಿದರು. ಮಣ್ಣಿನ ಚೀಲಗಳನ್ನು ಮನೆಯಲ್ಲೇ ಇಟ್ಟರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತವು. ಆ ತಾಯಂದಿರು ಕೆಟ್ಟವರಲ್ಲ. ನಾಲ್ಕು ಕಾಸು ಸಿಗಲಿ ಅಂತ ದುಡಿದವರು.

ಈಗ ನಿಯಮಕ್ಕೆ ಬರೋಣ. ನಮ್ಮ ದೇಶದಲ್ಲಿ ಬ್ಯಾಟರಿ ನಿಯಮ ಬಂದದ್ದು 2001ರಲ್ಲಿ. ಅದು ಸೀಸದ ಬ್ಯಾಟರಿಗೆ ಮಾತ್ರ ಇತ್ತು. ಹೊಸದು ಮಾರುವಾಗ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು, ಅದಕ್ಕೆ ರಿಯಾಯಿತಿ ಕೊಡಬೇಕು ಅಂತಿತ್ತು. 2022ರಲ್ಲಿ ಅದನ್ನು ತೆಗೆದು ಬೇರೆ ನಿಯಮ ತಂದರು. ಇದು ಎಲ್ಲ ಬ್ಯಾಟರಿಗೂ ಅನ್ವಯ. ಮೊಬೈಲಿನದು, ಕರೆಂಟ್ ಸ್ಕೂಟರಿನದು, ಟಾರ್ಚಿನ ಸೆಲ್ಲು, ಎಲ್ಲವೂ ಸೇರಿತು. ಬ್ಯಾಟರಿ ತಯಾರಿಸಿದ ಕಂಪನಿಯೇ ಹಳೆಯದಕ್ಕೂ ಹೊಣೆ ಅಂತಾಯಿತು. ಆಮೇಲೆ 2023, 2024, 2025ರಲ್ಲಿ ತಿದ್ದುಪಡಿಗಳು ಬಂದವು. ನಾಲ್ಕು ವರ್ಷದಲ್ಲಿ ಇಷ್ಟು ಬದಲಾವಣೆ!

ಆದ್ದರಿಂದ ಯಾರಾದರೂ ಕಾಗದ ತೋರಿಸಿದರೆ ಮೊದಲು ಇಸವಿ ಓದಿ. ಅಂಕಿ ಓದುವುದು ನಿಮಗೆ ಈಗ ಬರುತ್ತದೆ. 2001ರ ನಿಯಮ ಅಂತ ಇದ್ದರೆ ಅದರ ಕಾಲ ಮುಗಿಯಿತು. ಲೈಸೆನ್ಸ್ ಮಾಡಿಸಿಕೊಡುತ್ತೇನೆ, ದುಡ್ಡು ಕೊಡಿ ಅಂತ ಯಾರಾದರೂ ಬಂದರೆ, ಯಾವ ನಿಯಮ, ಯಾವ ಇಸವಿ ಅಂತ ಕೇಳಿ.

ಬೇರೆ ಕಂಪನಿಯ ಬ್ಯಾಟರಿ ತಂದು ಅದೇ ಹೆಸರಲ್ಲಿ ಮಾರುವ ಅಂಗಡಿಯವರನ್ನು ಈ ನಿಯಮ ತಯಾರಕರು ಅನ್ನುವುದಿಲ್ಲ. ಆದರೆ ಸಂಘದವರು ಸೋಲಾರ್ ದೀಪ ಜೋಡಿಸಿ, ಸಂಘದ ಹೆಸರಿನ ಚೀಟಿ ಅಂಟಿಸಿ ಮಾರಿದರೆ? ಆಗ ನೀವೇ ತಯಾರಕರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಒಂದು ಚೀಟಿಯಿಂದ ಇಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಚೀಟಿ ಅಚ್ಚು ಹಾಕಿಸುವ ಮುಂಚೆ ವಿಚಾರಿಸಿ.

ಕೊಳ್ಳುವಾಗ ಬ್ಯಾಟರಿ ಮೈ ನೋಡಿ. ಗಾಲಿ ಇರುವ ಕಸದ ಡಬ್ಬಿಯ ಚಿತ್ರ, ಅದರ ಮೇಲೆ ಅಡ್ಡ ಗೀಟು ಇರುತ್ತದೆ. ಕಸಕ್ಕೆ ಹಾಕಬೇಡಿ ಅಂತ ಅರ್ಥ. 2025ರ ತಿದ್ದುಪಡಿ ಪ್ರಕಾರ ಕಂಪನಿಯ ನೋಂದಣಿ ಸಂಖ್ಯೆಯೂ ಬಾರ್ ಕೋಡ್ ಅಥವಾ ಕ್ಯೂಆರ್ ಕೋಡ್ ಆಗಿ ಇರಬೇಕು. ಅದು ಬ್ಯಾಟರಿ ಮೇಲಿರಬಹುದು, ಡಬ್ಬಿ ಮೇಲಿರಬಹುದು, ಜೊತೆಗೆ ಕೊಡುವ ಮಾಹಿತಿ ಕಾಗದದಲ್ಲಿಯೂ ಇರಬಹುದು.

ಗುಜರಿ ಕೊಳ್ಳುವವರು ಬ್ಯಾಟರಿಯನ್ನು ನೋಂದಣಿ ಆದ ಕಾರ್ಖಾನೆಗೆ ಸೇರಿಸಬೇಕು. ಒಡೆಯಬಾರದು, ಆಸಿಡ್ ಬಸಿಯಬಾರದು. ಅಡುಗೆ ಮನೆಯಿಂದ, ಮಕ್ಕಳಿಂದ ದೂರ, ನೆರಳಿನಲ್ಲಿ, ಹಲಗೆಯ ಮೇಲೆ ನೆಟ್ಟಗೆ ಇಡಿ. ಮೊಬೈಲು, ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಬೇರೆಯೇ ಇಡಿ. ಜಜ್ಜಿದರೆ, ತೂತಾದರೆ ಬೆಂಕಿ ಹತ್ತುತ್ತದೆ.

ಇಲ್ಲಿ ಒಂದು ಕಷ್ಟ ಇದೆ. ಮುಚ್ಚಿಡುವುದು ಸರಿಯಲ್ಲ. ಕಾರ್ಖಾನೆಯ ಗಾಡಿ ಒಂದೆರಡು ಬ್ಯಾಟರಿಗಾಗಿ ಹಳ್ಳಿಗೆ ಬರುವುದಿಲ್ಲ. ಒಲೆ ಹೂಡಿದ ವ್ಯಾಪಾರಿ ಇವತ್ತೇ ಬರುತ್ತಾನೆ, ನಗದು ಕೊಡುತ್ತಾನೆ, ಹೆಚ್ಚೂ ಕೊಡುತ್ತಾನೆ. ಹೊಗೆ ತಡೆಯುವ ಯಂತ್ರದ ಖರ್ಚು ಅವನಿಗಿಲ್ಲ, ಕೊಡದೆ ಏನು? ಹೊಣೆ ಕಂಪನಿಯದು ಅಂತ ಕಾಗದ ಹೇಳುತ್ತದೆ. ಕಾಯುವ ಕಷ್ಟ ಮಾತ್ರ ಸಣ್ಣ ಅಂಗಡಿಯವರ ಪಾಲಿಗೆ ಬರುತ್ತದೆ. ಅದಕ್ಕೆ ಒಬ್ಬೊಬ್ಬರೇ ಮಾರಬೇಡಿ. ಸಂಘದ ನಾಲ್ಕೈದು ಅಂಗಡಿಯವರು ಸೇರಿ ಬ್ಯಾಟರಿ ಕೂಡಿಸಿ, ಒಟ್ಟಿಗೆ ಗಾಡಿ ಕರೆಸಿ. ಬೆಲೆ ಕೇಳುವ ಬಾಯಿಗೂ ಬಲ ಬರುತ್ತದೆ.

ಹೊಸ ನಿಯಮ ಬಂತು ಅಂತ ತಿಳಿಯುವುದು ಹೇಗೆ? ಕೇಂದ್ರ ಸರ್ಕಾರದ ರಾಜ್ಯಪತ್ರದಲ್ಲಿ ಅದು ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಕನ್ನಡದಲ್ಲಿ ಇರುವುದಿಲ್ಲ. ಅಕ್ಷರ ಕಲಿತವರಿಗೂ ಓದಲು ಸಿಗದ ನಿಯಮ! ನಮಗೆ ಇದು ಸರಿ ಕಾಣುವುದಿಲ್ಲ. ಕನ್ನಡದಲ್ಲಿ ಕೊಡಿ ಅಂತ ಕೇಳಬೇಕು, ಅರ್ಜಿ ಬರೆಯೋಣ. ಅಲ್ಲಿಯವರೆಗೆ ಎರಡು ದಾರಿ. ಹೊಸ ಮಾಲು ತರುವಾಗಲೆಲ್ಲ ಏಜೆಂಟರನ್ನು ಕೇಳಿ, ನಿಯಮ ಬದಲಾಯಿತಾ ಅಂತ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಜಿಲ್ಲೆಗಳಲ್ಲಿ ಕಚೇರಿ ಇದೆ. ವರ್ಷಕ್ಕೆ ಎರಡು ಸಲ ಸಂಘದಿಂದ ಇಬ್ಬರು ಅಲ್ಲಿಗೆ ಹೋಗಿ ಬನ್ನಿ. ನೋಂದಣಿ ಆದ ಕಾರ್ಖಾನೆಗಳು ಯಾವುವು ಅಂತಲೂ ಅಲ್ಲೇ ಕೇಳಿ, ಬರೆದುಕೊಂಡು ಬನ್ನಿ.

ಇನ್ನು ಲೆಕ್ಕದ ಪುಸ್ತಕ. ಉದ್ದ ಗೆರೆ ಎಳೆದು ಐದು ಮನೆ ಮಾಡಿ. ತಾರೀಕು. ಯಾರಿಂದ ಬಂತು. ಯಾವ ಬ್ಯಾಟರಿ, ಎಷ್ಟು ತೂಕ. ಯಾರಿಗೆ ಕೊಟ್ಟಿರಿ. ರಶೀದಿ ನಂಬರು. ಬ್ಯಾಟರಿ ಬಂದ ದಿನ ಮೊದಲ ಮೂರು ಮನೆ ತುಂಬಿ. ಕೊನೆಯ ಎರಡು ಮನೆ ಗಾಡಿ ಬಂದ ದಿನ ತುಂಬುತ್ತವೆ. ಅವು ಖಾಲಿ ಇದ್ದರೆ ಬ್ಯಾಟರಿ ಇನ್ನೂ ನಿಮ್ಮ ಹಲಗೆಯ ಮೇಲೇ ಇರಬೇಕು. ಮುಂದಿನ ವಾರ ಬರುವಾಗ ಪುಸ್ತಕ, ಅಡಿಕೋಲು ತನ್ನಿ. ಗೆರೆ ಇಲ್ಲೇ ಕೂತು ಹಾಕೋಣ.